ಮಾವನ ಮೊಣಕಾಲು

"ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದಾಯ್ತಲ್ಲ, ಇನ್ನೇನ್ರೀ ಕೇಳೋದು?" ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಮೊಣಕಾಲು ಬದಲಿಸಿಕೊಂಡವರು ಮನೆಯಲ್ಲಿ ಹೇಗೆ ಓಡಾಡುತ್ತಾರೆಂದು ಅಧ್ಯಯನ ಮಾಡುತ್ತಿದ್ದೇವೆ ಎಂದಳು ಆಸ್ಪತ್ರೆಯಿಂದ ಬಂದಿದ್ದ ಸಂಶೋಧಕಿ. ಆ ನಗುಮುಖ ಕಂಡೇ ಸೊಸೆಗೆ ಅನುಮಾನ ಹೆಚ್ಚಿತು. ನೋವಿದೆಯೆಂದು ಬಾಯಿಬಿಟ್ಟರೆ ಮತ್ತೆ ಕೊಯ್ಯಲು ಕರೆದೊಯ್ಯುತ್ತಾರೆ, ಅದಕ್ಕೇ ಈ ಬೆಣ್ಣೆ ಮಾತು.

"ಮಾವ ಆರಾಮಾಗಿದಾರೆ. ಮೆಟ್ಟಿಲೂ ಹತ್ತಿ ಇಳೀತಾರೆ."

"ಹೇಗೆ ಇಳೀತಾರೆ?"

ಇದೆಂಥ ಪ್ರಶ್ನೆ ಎಂದು ಸೊಸೆ ಹುಬ್ಬು ಗಂಟಿಕ್ಕುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಕೇಳಿತು. "ಕೂತ್ಕೊಂಡು ಇಳೀತೀನಮ್ಮ. ಇವರೆಲ್ಲ ಕೆಲಸಕ್ಕೆ ಹೋದ್ಮೇಲೆ, ಒಂದೊಂದೇ ಮೆಟ್ಟಿಲು ತೆವಳ್ಕೊಂಡು. ಇವಳು ಗಾಬರಿಯಾಗ್ತಾಳೆ ಅಂತ ಹೇಳಿರ್ಲಿಲ್ಲ."

ಸಂಶೋಧಕಿ ಬಾಯಿ ತೆರೆಯುವ ಮೊದಲೇ ಸೊಸೆ ಗಕ್ಕನೆ ತಿರುಗಿದಳು.

"ಎಲ್ಲಿ ನೋಯುತ್ತೆ, ಮಾವ?"