ಒಡತಿಯ ಕರಾರುಗಳು

ಶಾಲೆಯ ಅಂಗಿಯೊಂದಕ್ಕೆ ಜೇಬು ಕೂರಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅವಳು ತೆಗೆಯಲಿಲ್ಲ. ಬಾಯಲ್ಲಿ ಸೂಜಿಯಿದ್ದರೆ ಮಾತಾಡಬೇಕಾಗಿಲ್ಲ. ಇವತ್ತು ಕಡಿಮೆ ಮಾತಾಡಿದಷ್ಟೂ ಒಳ್ಳೆಯದು.

"ಬಂದ್ರು ಕಣೇ!" ನೆಲದ ಮೇಲಿಟ್ಟು ಗೋಡೆಗೆ ಒರಗಿಸಿದ್ದ ಕನ್ನಡಿಯ ಮುಂದೆ ಬಗ್ಗಿ ತಲೆ ಬಾಚುತ್ತಿದ್ದ ಗಂಡ, ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಓಡಿದ.

ಬಂದವಳು ಬ್ಯಾಂಕಿನ ಅಧಿಕಾರಿ. ಸಾಲ ಕೇಳಿದವರ ಮನೆಗೆ ಹೋಗಿ ಒಂದು ಸುತ್ತು ನೋಡಿಬರುವುದು ಅವಳ ಕೆಲಸ. "ಬೆಳಿಗ್ಗೆಯಿಂದ ನಿಮ್ಮ ಫೋನಿಗೆ ಟ್ರೈ ಮಾಡಿದೆ, ಸಿಗಲೇ ಇಲ್ಲವಲ್ಲಮ್ಮ," ಎಂದಳು.

ಹೊಲಿಗೆಯವಳು ಸೂಜಿಗಳನ್ನು ಅಂಗೈಗೆ ಉಗಿದು, "ಚಾರ್ಜರ್ ಕೆಟ್ಟಿದೆ. ಫೋನು ಸತ್ತು ಬಿದ್ದಿದೆ," ಎಂದಳು.

ಅಧಿಕಾರಿ ಸುತ್ತ ಕಣ್ಣಾಡಿಸಿದಳು. "ಏನಿದು, ಗೋಡೆಯೆಲ್ಲ ಬೋಳು ಬೋಳು?"

"ಮೊಳೆ ಹೊಡೆಯೋ ಹಾಗಿಲ್ಲ ಮೇಡಂ," ಗಂಡ ದನಿ ತಗ್ಗಿಸಿದ. "ಮನೆ ಒಡತಿ ಕರಾರು."

ಒಂದು ಕಾಲದಲ್ಲಿ ಅವನಿಗೆ ಬೀದಿಯಲ್ಲಿ ಸೋಫಾ ಸಾಹುಕಾರ ಎಂದು ಹೆಸರು. ಸ್ವಂತ ಪೀಠೋಪಕರಣದ ಅಂಗಡಿ, ಸ್ವಂತ ಮನೆ. ಬಾಲ್ಯದ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ಹಾಕಿ ಎರಡನ್ನೂ ನೀರಿಗೆ ಬಿಟ್ಟ. ಆ ಗೆಳೆಯನಿಗೆ ಅವಳು ಇಟ್ಟ ಹೆಸರು ಸಕ್ಕರೆಬಾಯಿ. ಕೋರ್ಟು ಗಂಡನನ್ನು ದಿವಾಳಿ ಎಂದು ಘೋಷಿಸಿದ ವಾರ ಮನೆಗೆ ಬೀಗ ಬಿತ್ತು. ಬೀದಿಗೆ ಬಂದ ಸಾಮಾನುಗಳ ನಡುವೆ ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಕೂತದ್ದನ್ನು ಅವಳು ಯಾರ ಹತ್ತಿರವೂ ಆಡುವುದಿಲ್ಲ. ಮರೆತೂ ಇಲ್ಲ.

ಬಾಡಿಗೆ ಮನೆ ಹುಡುಕಿದವಳೂ ಅವಳೇ. "ದಿವಾಳಿ ಎದ್ದವನ ಮುಖ ಯಾರಿಗೆ ತೋರಿಸ್ಲಿ? ನೀನೇ ಮಾತಾಡು," ಎಂದು ಗಂಡ ಅವತ್ತು ಮುಸುಕೆಳೆದು ಮಲಗಿದ್ದ. ಹಾಗಾಗಿ ಒಡತಿಯನ್ನು ಅವನು ಇವತ್ತಿನವರೆಗೂ ಕಂಡಿಲ್ಲ. ಹೆದರಿಕೆಗೆ ಮಾತ್ರ ಕೊರತೆಯಿಲ್ಲ.

ಅಧಿಕಾರಿ ಹೇಳಿದಳು: "ದಿವಾಳಿ ಆದವರಿಗೆ ಮತ್ತೆ ಮನೆ ಸಾಲ ಕೊಡೋದು ಅಷ್ಟು ಸುಲಭ ಅಲ್ಲ ಸಾರ್. ಆದ್ರೆ ನಿಮ್ಮ ಸಂಬಳ ಸರಿಯಾಗಿದೆ. ಬಾಡಿಗೆ ದುಡ್ಡು ಒಂದು ತಿಂಗಳೂ ತಪ್ಪಿಲ್ಲ."

"ತಪ್ಪಿಸೋಕೆ ಆ ಯಮ್ಮ ಬಿಡಬೇಕಲ್ಲ! ಸಂಬಳ ಬಂದ ದಿನವೇ ಇವಳ ಕೈಗೆ ಹಾಕ್ತೀನಿ, ಇವಳು ಅವರಿಗೆ ಮುಟ್ಟಿಸ್ತಾಳೆ. ಎಂಥಾ ಹೆಂಗಸು ಅಂತೀರಾ? ನನ್ನ ಹಳೇ ಅಂಗಡಿ ಬೋರ್ಡು ಇಲ್ಲಿ ತಗುಲಿಸೋಣ ಅಂತ ಸುತ್ತಿಗೆ ತಂದೆ. ಅದೇ ದಿನ ಮೊಳೆ ಹೊಡೀಬೇಡಿ ಅಂತ ಇವಳಿಗೆ ಫೋನು! ಭಾನುವಾರ ನಾಲ್ಕು ಜನ ಕೂತು ಇಸ್ಪೀಟು ಆಡಿದ್ವಿ, ಸೋಮವಾರ ಅದಕ್ಕೂ ತಡೆ. ಕಿಟಕಿ ಹತ್ರ ಸೋಫಾ ಹಾಕ್ಬೇಕು ಅಂತಿದ್ದೆ. ಅಲ್ಲಿ ಹೊಲಿಗೆ ಯಂತ್ರನೇ ಇರ್ಲಿ ಅಂದ್ರಂತೆ. ಆ ಯಮ್ಮನಿಗೆ ಗೋಡೆಯಲ್ಲೂ ಕಿವಿ ಇದೆ ಮೇಡಂ."

ಅವಳು ತಲೆಯೆತ್ತದೆ ಯಂತ್ರದ ಚಕ್ರ ತಿರುಗಿಸಿದಳು.

"ಅವರ ಕಾಟದಿಂದಲೇ ನಿಮಗೆ ಸಾಲ ಸಿಗ್ತಿದೆ ಅಂದ್ಕೊಳ್ಳಿ," ಅಧಿಕಾರಿ ನಕ್ಕಳು. "ನೀವು ಅರ್ಹರು ಅಂತ ಬರೀತೀನಿ. ಇದೇ ಮನೆ ಕೊಳ್ತೀರಿ ತಾನೇ? ಒಡತಿ ಮಾರೋಕೆ ಒಪ್ಪಿದ್ರೆ ಮುಂದಿನದ್ದು ನೋಡೋಣ."

ಅರ್ಹರು. ಆ ಮಾತಿಗೆ ಗಂಡನ ಬೆನ್ನು ನೆಟ್ಟಗಾಯಿತು. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ಸಾಹುಕಾರನ ಕಳೆ ಬಂದದ್ದನ್ನು ಅವಳು ಕಂಡಳು. ಪಾಪ, ಒಳ್ಳೆಯವನೇ. ಒಪ್ಪಿಬಿಟ್ಟರೆ ಏನು ಎಂದು ಒಂದು ಗಳಿಗೆ ಮನಸ್ಸು ಓಲಾಡಿತು.

ಅಧಿಕಾರಿ ಹೊಸ್ತಿಲು ದಾಟಿದ್ದಳೋ ಇಲ್ಲವೋ, ಗಂಡನ ಫೋನು ರಿಂಗಾಯಿತು. ಅತ್ತಲಿನ ದನಿ ಯಂತ್ರದವರೆಗೂ ಕೇಳಿಸುತ್ತಿತ್ತು. ಸಕ್ಕರೆಬಾಯಿ.

"ಇಲ್ಲಪ್ಪಾ, ಈಗ ಜಾಮೀನು ಗೀಮೀನು ಆಗಲ್ಲ," ಗಂಡ ಗುಟ್ಟಾಗಿ ಹೇಳುತ್ತಿದ್ದ. "ಯಾರಿಗಾದ್ರೂ ಜಾಮೀನು ಹಾಕಿದ್ರೆ ಮನೆ ಖಾಲಿ ಮಾಡಿಸ್ತೀನಿ ಅಂದಿದ್ದಾಳೆ ಒಡತಿ. ಸ್ವಲ್ಪ ತಡ್ಕೋ. ಮನೆ ನನ್ನ ಹೆಸರಿಗೆ ಬರ್ಲಿ, ಆಮೇಲೆ ಅವಳ ಹಂಗೇನು? ನಿನಗಲ್ದೆ ಇನ್ಯಾರಿಗೆ ಮಾಡ್ಲೋ?"

ದಾರ ಪಟ್ಟನೆ ತುಂಡಾಯಿತು. ಸೂಜಿಯ ಕಣ್ಣಿಗೆ ಮತ್ತೆ ದಾರ ಪೋಣಿಸುವಷ್ಟರಲ್ಲಿ ಅವಳ ಓಲಾಟ ನಿಂತಿತ್ತು.

ಗಂಡ ಕೈ ಉಜ್ಜಿಕೊಳ್ಳುತ್ತ ಬಂದ. "ಲೇ, ಒಡತಿಗೆ ಈಗಲೇ ಫೋನ್ ಹಚ್ಚು. ಒಳ್ಳೇ ಮೂಡಿನಲ್ಲಿದ್ರೆ ಕೇಳಿಬಿಡು."

"ನೀವೇ ಕೇಳ್ತೀರಾ?"

"ಅಯ್ಯೋ, ನಾನಾ? ಬೇಡ ಬೇಡ!"

ಅವಳು ತನ್ನ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಗಂಡ ಬಾಗಿಲ ಆಚೆ ಕೈಕಟ್ಟಿ ನಿಂತ. "ಹೌದಮ್ಮ... ಅವರು ಬದಲಾಗಿದ್ದಾರಮ್ಮ... ಇಲ್ವಾ?... ಸರಿ ಬಿಡಿ, ನಿಮ್ಮಿಷ್ಟ."

ಹೊರಗೆ ಬಂದು ತಲೆಯಾಡಿಸಿದಳು. "ಸದ್ಯಕ್ಕೆ ಮಾರಲ್ವಂತೆ ರೀ."

"ಕಲ್ಲು ಕಣೇ ಆ ಹೆಂಗಸಿನ ಮನಸ್ಸು!"

"ಹಾಗನ್ಬೇಡಿ. ಕೇಳಿಸ್ಕೊಂಡಾರು."

ಅವನು ಗೋಡೆಯತ್ತ ಹೆದರಿ ನೋಡಿ, ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೊರಟ.

ಬೆಳಗಿನಿಂದ ಸತ್ತೇ ಬಿದ್ದಿದ್ದ ಫೋನನ್ನು ಅವಳು ದಾರದ ಉಂಡೆಗಳ ಪಕ್ಕಕ್ಕಿಟ್ಟು ಮತ್ತೆ ಯಂತ್ರದ ಮುಂದೆ ಕೂತಳು. ಮೊದಲಿನ ಒಡತಿ, ಒಬ್ಬ ಮುದುಕಿ, ಗಂಡನ ಬಾಡಿಗೆಯನ್ನೂ ಇವಳ ಹೊಲಿಗೆಯ ದುಡ್ಡನ್ನೂ ಮನೆಯ ಬೆಲೆಯ ಕಂತಾಗಿ ಮುರಿದುಕೊಂಡು, ಹೋದ ಬೇಸಿಗೆಯಲ್ಲೇ ಈ ಮನೆಯನ್ನು ಇವಳ ಹೆಸರಿಗೆ ಬರೆದುಕೊಟ್ಟು ಮಗಳ ಊರಿಗೆ ಹೋಗಿದ್ದಳು.

ಬರುವ ತಿಂಗಳಿಂದ ಬಾಡಿಗೆ ಸ್ವಲ್ಪ ಏರಿಸಬೇಕು ಎಂದು ಒಡತಿ, ಅಂಗಿಯ ಇನ್ನೊಂದು ಜೇಬಿಗೆ ಸೂಜಿ ಇಳಿಸುತ್ತ, ಮನಸ್ಸಿನಲ್ಲೇ ತೀರ್ಮಾನಿಸಿದಳು.