ಮಡುವಿನ ತಳದಲ್ಲಿರುವುದರ ಹೆಸರು

ಮೂರು ದಿನದ ಹಿಂದೆ ಜಗಳವಾಡಿ ಹೊರಟ ಗಂಡ ಹೊಳೆಯಾಚೆ ನಾದಿನಿಯ ಮನೆಯಲ್ಲಿರಬೇಕೆಂದು ಅವಳು ಹರಿಗೋಲು ಹತ್ತಿದಳು.

"ನಿಮ್ಮನೆಯವರು ನನ್ನ ಹರಿಗೋಲಿಗೆ ಬರಲಿಲ್ವಲ್ಲ, ನಾಕು ದಿನ ಆದ್ಮೇಲೆ ಇವತ್ತೇ ನಾನು ನೀರಿಗಿಳಿಸಿದ್ದು," ಎಂದ ಅಂಬಿಗ. "ಹೆಸರೇನು ಅವರದು?"

ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. "ಅವರಿಗೆ ಈಜು ಬರ್ತದೆ," ಎಂದಳು ಅಷ್ಟೆ.

ನಡುಹೊಳೆಯ ಮಡು ಬಂತು. ಬಿರುಬೇಸಿಗೆಯಲ್ಲೂ ಕೈ ಕೊರೆಯುವ ನೀರು. ಅಂಬಿಗ ಕೈಮುಗಿದು ಕೂಗಿದ: "ಗಿಡ್ಡವ್ವ, ದಾರಿ ಬಿಡವ್ವ."

"ಯಾರಣ್ಣ ಗಿಡ್ಡವ್ವ?"

"ನಮ್ಮಕ್ಕ. ಹನ್ನೊಂದು ವರ್ಸದ ಹಿಂದೆ ಇಲ್ಲೇ ಮುಳುಗಿದ್ಲು. ಈ ಮಡು ತಳದಲ್ಲಿ ಏನೋ ಒಂದದೆ, ಯಾರೂ ಕಂಡಿಲ್ಲ. ಕಡೇಗೆ ಯಾರನ್ನ ಎಳ್ಕೊಳ್ತೋ ಅವರ ಹೆಸರೇ ಅದಕ್ಕೆ. ಹೆಸರು ಹಿಡಿದು ಕೇಳಿದ್ರೆ ದಾರಿ ಬಿಡ್ತದೆ."

ಹನ್ನೊಂದು ವರ್ಷದಿಂದ ಹೆಸರು ಬದಲಾಗಿಲ್ಲವೆಂದು ಅವಳಿಗೆ ಸಮಾಧಾನವಾಯಿತು.

ಹರಿಗೋಲು ಮುಂದೆ ಹೋಗದೆ ನಿಂತಲ್ಲೇ ಸುತ್ತತೊಡಗಿತು. ಅಂಬಿಗ ಇನ್ನೆರಡು ಸಲ ಅಕ್ಕನನ್ನು ಕೂಗಿದ. ಅದು ಸುತ್ತುತ್ತಲೇ ಇತ್ತು. ಅವನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಮುಖ ನೋಡದೆ ಹೇಳಿದ:

"ಹೊಸ ಹೆಸರು ನಂಗೊತ್ತಿಲ್ಲ ತಾಯಿ. ನೀವೇ ಕೂಗಬೇಕು."