ಮೊಗಸಾಲೆಯ ಎದುರಾಳಿ

ಜೇನಕ್ಕ ಶಾಸನಸಭೆಯ ಮೊಗಸಾಲೆಗೆ ಕಾಲಿಟ್ಟಾಗ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಔಷಧಿ ಸಾಹುಕಾರರು ಆಗಲೇ ಕೂತಿದ್ದರು. ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಕೀಟನಾಶಕ ವ್ಯಾಪಾರಿಗಳ ಸಂಘಕ್ಕೂ ಕೈಮುಗಿದು ಮನೆ ಸೇರಿದ್ದಾರೆಂದು ಕೇಳಿದ್ದಳು. ಜೇನು ಸಾಕುವವರ ಮಸೂದೆ ಮತಕ್ಕೆ ಬರುವ ಈ ದಿನವೇ ಬಂದು ವಕ್ಕರಿಸಬೇಕೆ? ಇವತ್ತು ತಪ್ಪಿದರೆ ಮುಂದೆ ಚುನಾವಣೆ, ಸದನ ವಿಸರ್ಜನೆ. ಮಸೂದೆಯೂ ಅಲ್ಲಿಗೆ ಸತ್ತಂತೆ.

“ಬಾರಮ್ಮ ತಂಗಿ,” ಎಂದು ಅವರು ಊರುಗೋಲು ಸರಿಸಿ ಜಾಗ ಮಾಡಿದರು.

“ಕೆಡಿಸೋಕೆ ಬಂದ್ರಾ ಅಣ್ಣಾ?”

“ಮನೇಲಿ ಕೂತು ಕೂತು ಬೇಜಾರು ಕಣಮ್ಮ. ಜಗಳ ಆಡೋಣ ಅಂದ್ರೆ ನಿಮ್ಮತ್ತಿಗೆ ನನ್ನ ಮಾತಿಗೆ ಕಿವೀನೇ ಕೊಡಲ್ಲ.”

ಜೇನಕ್ಕನಿಗೆ ಬೇಡವೆಂದರೂ ನಗು ಬಂತು. ಮೊದಲ ಸಲ ಇಲ್ಲಿಗೆ ಬಂದಾಗ ಅವಳ ಸೆರಗಿನ ಗಂಟಿನಲ್ಲಿ ಸತ್ತ ಜೇನುಹುಳುಗಳಿದ್ದವು. ಪಕ್ಕದವರು ಹೂಬಿಟ್ಟ ಸೂರ್ಯಕಾಂತಿ ಹೊಲಕ್ಕೆ ನಡುಹಗಲಲ್ಲಿ ಔಷಧಿ ಹೊಡೆದಿದ್ದರು. ಸಂಜೆಗೆ ಇವಳ ಜೇನುಪೆಟ್ಟಿಗೆಗಳ ಮುಂದೆ ಹುಳುಗಳು ರಾಶಿ ಬಿದ್ದಿದ್ದವು. ಹೊಡೆಯುವ ಮುಂಚೆ ಜೇನು ಸಾಕುವವರಿಗೆ ಒಂದು ಮಾತು ತಿಳಿಸಬೇಕೆಂದು ಕಾನೂನು ಮಾಡಿ ಎಂದು ಕೇಳಲು ಬಂದವಳು, ಕಣ್ಣುಕಟ್ಟಿ ಕಾಡಿಗೆ ಬಿಟ್ಟವಳ ಹಾಗೆ ನಿಂತಿದ್ದಳು. ಆಗ ಈ ಬೆಂಚಿನಿಂದಲೇ ಒಬ್ಬರು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಕೊಟ್ಟಿದ್ದರು. “ಕೃಷಿ ಸಮಿತಿ ಅಧ್ಯಕ್ಷರನ್ನ ನೋಡ್ಬೇಕಾ? ಊಟಕ್ಕೆ ಹೋಗುವಾಗ ತಡೀಬೇಡ, ಹಸಿದವರಿಗೆ ಕಿವಿ ಕೇಳಲ್ಲ. ಉಂಡು ಇಳಿಯುವಾಗ ಹಿಡಿ. ಅಳಬೇಡ. ಎರಡೇ ಮಾತಲ್ಲಿ ಹೇಳು, ಮೂರನೇದನ್ನ ಅವರೇ ಕೇಳ್ಲಿ.”

ಹಾಗೆಯೇ ಮಾಡಿದಳು. ಅಧ್ಯಕ್ಷರು ನಿಂತು ಕೇಳಿದರು. ತಿರುಗಿ ಬಂದವಳಿಗೆ ಬೆಂಚಿನ ಮೇಲಿದ್ದ ಸಾಹುಕಾರರು ಬೆನ್ನುತಟ್ಟುವ ದನಿಯಲ್ಲಿ, “ಅಂದಹಾಗೆ, ನಿನ್ನ ವಿಷಯ ಏನಮ್ಮ?” ಎಂದರು. ಹೇಳಿದಳು. ಅವರ ಮುಖ ಹುಳ್ಳಗಾಯಿತು. “ಅಯ್ಯೋ ಶಿವನೇ! ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡ್ನಲ್ಲ!” ಎಂದವರು, ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ನಕ್ಕಿದ್ದರು.

ಅಲ್ಲಿಂದ ಪ್ರತಿ ಅಧಿವೇಶನಕ್ಕೂ ಅದೇ ಬೆಂಚು. ಇವಳು ಹಳ್ಳಿ ಹಳ್ಳಿ ತಿರುಗಿ ಜೇನು ಸಾಕುವ ಹೆಂಗಸರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದರೆ, ಅವರು ಊರೂರಿನ ಅಂಗಡಿಯವರಿಂದ ಶಾಸಕರಿಗೆ ಫೋನು ಮಾಡಿಸುತ್ತಿದ್ದರು. ಗೆಲ್ಲುತ್ತಿದ್ದವರು ಅವರೇ. ಮಸೂದೆ ‘ಇನ್ನಷ್ಟು ಪರಿಶೀಲನೆಗೆ’ ಹೋಗಿ ಮೂಲೆ ಸೇರುತ್ತಿತ್ತು. ಒಮ್ಮೆ ಅಧಿವೇಶನದ ನಡುವೆಯೇ ಜೇನಕ್ಕನ ಮಗಳಿಗೆ ಹೆರಿಗೆ ನೋವು ಬಂತು. “ಹೋಗ್ಬಾರಮ್ಮ, ನೀನು ಬರೋ ತನಕ ನಾನು ಬಾಯಿ ಬಿಡಲ್ಲ,” ಎಂದಿದ್ದರು. ಬಿಡಲೂ ಇಲ್ಲ. ಮೊಮ್ಮಗಳನ್ನು ನೋಡಿ ಬಂದ ಮರುದಿನವೇ ಇವಳನ್ನು ಸೋಲಿಸಿದ್ದರು!

ಈಗ ಸಂಘದ ಪರವಾಗಿ ಬಂದಿದ್ದ ವಕೀಲ ಕೂರುತ್ತಲೇ ಇರಲಿಲ್ಲ. ಫೋನು ಕಿವಿಗೊತ್ತಿಕೊಂಡು ಅವರಿಬ್ಬರ ಕಾಲು ದಾಟಿಕೊಂಡೇ ಅತ್ತಿತ್ತ ಓಡಾಡುತ್ತಿದ್ದ. ಸಾಹುಕಾರರು ಅವನನ್ನೇ ನೋಡುತ್ತಿದ್ದು, “ಇವ್ನು ನಿನ್ನನ್ನ ಒಂದ್ಸಲನಾದ್ರೂ ಮಾತಾಡಿಸಿದ್ನಾ?” ಎಂದು ಕೇಳಿದರು. ಜೇನಕ್ಕ ಇಲ್ಲವೆಂದು ತಲೆಯಾಡಿಸಿದಳು.

ಊಟ ಮುಗಿಸಿ ಅಧ್ಯಕ್ಷರು ಮೆಟ್ಟಿಲಿಳಿದರು. ಜೇನಕ್ಕ ಎದ್ದು ಎದುರು ನಿಂತು ಎರಡು ಮಾತು ಹೇಳಿದಳು.

“ಗೊತ್ತಮ್ಮ. ಆದ್ರೆ ಈ ಕಾನೂನಿಂದ ಬೆಳೆ ಹಾಳಾಗುತ್ತೆ, ನೀನು ಹೇಳೋದೆಲ್ಲಾ ಉತ್ಪ್ರೇಕ್ಷೆ ಅಂತಾರಲ್ಲ?” ಎಂದ ಅಧ್ಯಕ್ಷರ ಕಣ್ಣು ಬೆಂಚಿನ ಕಡೆ ಹೊರಳಿತು. “ಏನ್ ಸಾಹುಕಾರ್ರೇ, ಹೇಳಿದ್ದು ನೀವೇ ಅಲ್ವಾ?”

ಸಾಹುಕಾರರು ಊರುಗೋಲೂರಿ ನಿಧಾನಕ್ಕೆ ಎದ್ದರು. ವಕೀಲನೂ ಫೋನು ಕೆಳಗಿಳಿಸಿದ.

“ಸ್ವಾಮಿ, ಈಯಮ್ಮ ಇಷ್ಟು ವರ್ಷದಲ್ಲಿ ಒಂದ್ಸಲನೂ ಸುಳ್ಳು ಹೇಳಿದ್ದನ್ನ ನಾನು ಕೇಳಿಲ್ಲ. ಅದಕ್ಕೇ ಪ್ರತಿ ಸಲ ಇವಳಿಗಿಂತ ಮುಂಚೆ ಬಂದು ನಿಮ್ಮನ್ನ ಹಿಡೀತಿದ್ದೆ.”

ಅಧ್ಯಕ್ಷರು ಇಬ್ಬರನ್ನೂ ನೋಡಿ ಒಳಗೆ ಹೋದರು.

ಆ ಮಧ್ಯಾಹ್ನ ಜೇನಕ್ಕ ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದಂತೆ ‘ಹೌದು’ ಎಂಬ ದನಿಗಳು ಒಟ್ಟಿಗೆ ಎದ್ದವು, ‘ಇಲ್ಲ’ ಎಂಬವು ಅಲ್ಲೊಂದು ಇಲ್ಲೊಂದು. ಮಸೂದೆ ಅಂಗೀಕಾರವಾಯಿತು. ಸ್ಪೀಕರ್ ಮುಂದಿನ ವಿಷಯಕ್ಕೆ ಹೋದರು. ಇಷ್ಟೇನಾ ಅನಿಸಿತು ಅವಳಿಗೆ. ಈ ಗಳಿಗೆಯಲ್ಲಿ ಅತ್ತೇಬಿಡುತ್ತೇನೆ ಎಂದುಕೊಂಡಿದ್ದಳು. ಬಂದದ್ದು ಅಳುವಲ್ಲ, ಮದುವೆ ಮುಗಿದ ಮನೆಯ ಹಾಗೆ ಬಿಕೋ ಎನ್ನುವ ಖಾಲಿತನ. ಮುಂದಿನ ಅಧಿವೇಶನಕ್ಕೆ ಇಲ್ಲಿಗೆ ಬರಲು ತನಗೇನು ಕೆಲಸ?

ಕೆಳಗೆ ಮೊಗಸಾಲೆ ಖಾಲಿಯಾಗುತ್ತಿತ್ತು. “ಗೆದ್ದೆ ಕಣಮ್ಮ,” ಎಂದರು ಸಾಹುಕಾರರು. ತುಟಿಯಲ್ಲಿ ನಗುವಿತ್ತು. ಕಣ್ಣು ಮಾತ್ರ, ದೀಪ ಆರಿಸುತ್ತ ಬರುತ್ತಿದ್ದ ಜವಾನನ ಹಿಂದೆಯೇ ಹೋಗುತ್ತಿತ್ತು. ಅವಳು ಬಂದು ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ಊರಿನಿಂದ ಗಂಡನ ಫೋನು. “ಏನಾಯ್ತೇ?”

“ಪಾಸಾಯ್ತು ರೀ.”

“ಹಂಗಿದ್ರೆ ಸಂಜೆ ಬಸ್ಸಿಗೇ ಬಂದ್ಬಿಡು! ಎಲ್ರೂ ಕಾಯ್ತಿದ್ದಾರೆ.”

ಜೇನಕ್ಕ ಅತ್ತ ತಿರುಗಿ ದನಿ ತಗ್ಗಿಸಿದಳು. “ಸ್ವಲ್ಪ ತಡ ಆಗುತ್ತೆ ರೀ. ಇಲ್ಲಿ ಒಬ್ರಿಗೆ ಸೋತು ಅಭ್ಯಾಸ ಇಲ್ಲ. ಜೊತೆಗೆ ಒಂದು ಗಳಿಗೆ ಇದ್ದು ಬರ್ತೀನಿ.”